99% ಆಕ್ಯುರಸಿ ಸರಿ, ತಾಯಿಗೆ ಏನಂತ ಹೇಳೋದು?

ಈಗ ಯಾವ ಹ್ಯಾಕಥಾನ್‌ಗೆ ಹೋದ್ರೂ ಹೆಲ್ತ್‌ಕೇರ್ ಅನ್ನೋ ಟ್ರ್ಯಾಕ್ ಇದ್ದೇ ಇರುತ್ತೆ. ಅಲ್ಲಿ ಸ್ಕ್ಯಾನ್ ಚಿತ್ರ ಕೊಟ್ರೆ ಕಾಯಿಲೆ ಹೇಳೋ ಮಾಡೆಲ್‌ಗಳಿಗೆ ಬರ ಇಲ್ಲ. ಪೋಸ್ಟರ್‌ನ ಬಲಗಡೆ ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ಆಕ್ಯುರಸಿ 98%, 99% ಅಂತ ಬರೆದಿರುತ್ತೆ. ಜಡ್ಜ್ ಅದನ್ನ ನೋಡಿ ತಲೆ ಆಡಿಸ್ತಾರೆ, ನಾವೂ ಚಪ್ಪಾಳೆ ಹೊಡೆದು ಊಟಕ್ಕೆ ಹೋಗ್ತೀವಿ. ಆ ಸಂಖ್ಯೆ ನಿಜವಾಗಿ ಏನು ಹೇಳುತ್ತೆ ಅಂತ ಕೇಳೋರು ಕಡಿಮೆ.

ಈ ಪ್ರಶ್ನೆ ತುಂಬಾ ಗಂಭೀರ ಆಗೋ ಒಂದು ಜಾಗ ಇದೆ. ಮಗು ಹೊಟ್ಟೆಯಲ್ಲಿ ಇರುವಾಗಲೇ ಅದರ ಕ್ರೋಮೋಸೋಮ್‌ಗಳಲ್ಲಿ ವ್ಯತ್ಯಾಸ ಇದೆಯಾ ಅಂತ ತಿಳಿಯೋದಕ್ಕೆ ಕಂಪ್ಯೂಟರ್ ಸಹಾಯ ಪಡೆಯೋದು. ಇಲ್ಲಿ ಔಟ್‌ಪುಟ್ ಓದೋರು ಜಡ್ಜ್ ಅಲ್ಲ, ಮೂರು ತಿಂಗಳ ಬಸುರಿ ಮತ್ತೆ ಅವರ ಮನೆಯವರು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ: ಇಂಥ ಸಿಸ್ಟಮ್‌ಗಳು ಬೇಕು, ನಮ್ಮ ರಾಜ್ಯಕ್ಕಂತೂ ಖಂಡಿತ ಬೇಕು. ಆದರೆ ಅವನ್ನ ಕಟ್ಟೋದನ್ನ ನಾವು ಈಗ ಕಲೀತಿರೋ ರೀತಿ ಸರಿ ಇಲ್ಲ.

ವಿಷಯ ಏನು ಅಂತ ಮೊದಲು

ಕ್ರೋಮೋಸೋಮ್‌ಗೆ ಕನ್ನಡ ಪಠ್ಯಪುಸ್ತಕದಲ್ಲಿ ವರ್ಣತಂತು ಅಂತಾರೆ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತು, 23 ಜೋಡಿ. ಈ 46 ಅನ್ನೋ ಲೆಕ್ಕ ಸರಿಯಾಗಿ ಗೊತ್ತಾಗಿದ್ದೇ 1956ರಲ್ಲಿ, ಜೋ ಹಿನ್ ಟ್ಯೋ ಮತ್ತು ಆಲ್ಬರ್ಟ್ ಲೆವಾನ್ ಅವರ ಕೆಲಸದಿಂದ. ಮೂರೇ ವರ್ಷದಲ್ಲಿ, 1959ಕ್ಕೆ, ಫ್ರಾನ್ಸಿನ ಲೆಜೂನ್, ಗೋತಿಯೆ, ತುರ್ಪ್ಯಾಂ ಅವರು ಡೌನ್ ಸಿಂಡ್ರೋಮ್ ಇರೋರಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುತ್ತೆ ಅಂತ ತೋರಿಸಿದ್ರು. ಇದೇ ಟ್ರೈಸೋಮಿ 21. 18 ಮತ್ತು 13ನೇ ವರ್ಣತಂತು ಮೂರಾದ್ರೆ ಅದು ಇನ್ನೂ ಕಠಿಣ. ಆ ಮಕ್ಕಳಲ್ಲಿ ಹೆಚ್ಚಿನವರು ಒಂದು ವರ್ಷ ಕೂಡ ದಾಟೋದಿಲ್ಲ.

ತಾಯಿಯ ವಯಸ್ಸು ಹೆಚ್ಚಿದ ಹಾಗೆ ಡೌನ್ ಸಿಂಡ್ರೋಮ್‌ನ ಸಾಧ್ಯತೆ ಹೆಚ್ಚುತ್ತೆ. 20ನೇ ವಯಸ್ಸಲ್ಲಿ ಸುಮಾರು 1,500ಕ್ಕೆ ಒಂದು, 35ಕ್ಕೆ ಸುಮಾರು 350ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು. ಹಾಗಂತ ವಯಸ್ಸಾದೋರನ್ನ ಮಾತ್ರ ಟೆಸ್ಟ್ ಮಾಡಿದ್ರೆ ಸಾಕಾಗಲ್ಲ. ಚಿಕ್ಕ ವಯಸ್ಸಲ್ಲಿ ಹೆರೋರ ಸಂಖ್ಯೆಯೇ ಜಾಸ್ತಿ ಇರೋದ್ರಿಂದ, ಡೌನ್ ಸಿಂಡ್ರೋಮ್ ಇರೋ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟೋದು 35ಕ್ಕಿಂತ ಕಡಿಮೆ ವಯಸ್ಸಿನ ತಾಯಂದಿರಿಗೇ.

ಕಂಪ್ಯೂಟರ್ ಎಲ್ಲಿ ಕೂರುತ್ತೆ?

ಮುಖ್ಯವಾಗಿ ಮೂರು ಕಡೆ.

ಮೊದಲನೇದು ಅಲ್ಟ್ರಾಸೌಂಡ್. 11ನೇ ವಾರದಿಂದ 13 ವಾರ 6 ದಿನದೊಳಗೆ, ಮಗುವಿನ ಕತ್ತಿನ ಹಿಂಭಾಗದಲ್ಲಿರೋ ದ್ರವದ ಪದರದ ದಪ್ಪ ಅಳೀತಾರೆ. ಇದಕ್ಕೆ ಎನ್‌ಟಿ ಅಂತ ಹೆಸರು. 3.5 ಮಿ.ಮೀ.ಗಿಂತ ಜಾಸ್ತಿ ಇದ್ರೆ ಎಲ್ಲ ಕಡೆಯೂ ಎಚ್ಚರಿಕೆಯಿಂದ ನೋಡ್ತಾರೆ. ಅಂದ್ರೆ ಇಲ್ಲಿ ಆಟ ನಡೆಯೋದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಲ್ಲಿ. ಮಗು ತಲೆ ಸ್ವಲ್ಪ ಎತ್ತಿದ್ರೆ, ಬಗ್ಗಿಸಿದ್ರೆ, ಪ್ರೋಬ್ ಸ್ವಲ್ಪ ವಾರೆಯಾದ್ರೆ ಅಳತೆ ಬದಲಾಗುತ್ತೆ. ಸರಿಯಾದ ಫ್ರೇಮ್ ಯಾವುದು ಅಂತ ಹುಡುಕಿ, ಗೆರೆ ಎಲ್ಲಿ ಇಡಬೇಕು ಅಂತ ಹೇಳೋ ಕೆಲಸ ಇಮೇಜ್ ಪ್ರೊಸೆಸಿಂಗ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಎರಡನೇದು ತಾಯಿಯ ರಕ್ತ. 1997ರಲ್ಲಿ ಡೆನ್ನಿಸ್ ಲೋ ಮತ್ತು ಸಂಗಡಿಗರು ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ತುಣುಕುಗಳು ಓಡಾಡ್ತಿರುತ್ತವೆ ಅಂತ ತೋರಿಸಿದ್ರು. 2011ರ ಹೊತ್ತಿಗೆ ಅದು ಎನ್‌ಐಪಿಟಿ ಅನ್ನೋ ಟೆಸ್ಟ್ ಆಗಿ ಮಾರುಕಟ್ಟೆಗೆ ಬಂತು. ಇದರ ಲೆಕ್ಕ ನಮ್ಮಂಥೋರಿಗೆ ಇಷ್ಟ ಆಗೋ ಥರ ಇದೆ. ರಕ್ತದಲ್ಲಿರೋ ಬಿಡಿ ಡಿಎನ್‌ಎಯಲ್ಲಿ 10% ಮಗುವಿನ ಕಡೆಯದು ಅಂದುಕೊಳ್ಳಿ. 21ನೇ ವರ್ಣತಂತು ಮಗುವಿನಲ್ಲಿ ಮೂರು ಇದ್ರೂ, ಒಟ್ಟು ಡಿಎನ್‌ಎಯಲ್ಲಿ ಅದರ ಪಾಲು ಏರೋದು ಇಪ್ಪತ್ತರಲ್ಲಿ ಒಂದು ಭಾಗ ಅಷ್ಟೇ. 1.3% ಇರಬೇಕಾದ್ದು 1.37%ರ ಹತ್ತಿರ ಬರುತ್ತೆ. ಲಕ್ಷಾಂತರ ತುಣುಕು ಎಣಿಸಿ ಆ ಚೂರು ವ್ಯತ್ಯಾಸವನ್ನ ಹಿಡಿಯೋದು ಪೂರ್ತಿ ಸ್ಟ್ಯಾಟಿಸ್ಟಿಕ್ಸ್ ಕೆಲಸ. ಮಗುವಿನ ಪಾಲು 4%ಗಿಂತ ಕೆಳಗಿದ್ರೆ ಸಿಗ್ನಲ್ ನಾಯ್ಸ್‌ನಲ್ಲಿ ಮುಳುಗಿ ಹೋಗುವ ಭಯ ಇರುತ್ತೆ. ಆಗ ಎಷ್ಟೋ ಲ್ಯಾಬ್‌ಗಳು ರಿಪೋರ್ಟ್ ಕೊಡದೇ ಇರ್ತವೆ.

ಮೂರನೇದು ಕೊನೆಯ ಹಂತ, ಅಂದ್ರೆ ನಿಜವಾದ ಡಯಾಗ್ನೋಸಿಸ್. ಸೂಜಿ ಹಾಕಿ ಗರ್ಭನೀರು ತೆಗೆದು, ಜೀವಕೋಶ ಬೆಳೆಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪ್‌ನಲ್ಲಿ ವರ್ಣತಂತುಗಳ ಫೋಟೋ ತೆಗೀತಾರೆ. ಚೆಲ್ಲಾಪಿಲ್ಲಿ ಬಿದ್ದಿರೋ, ಒಂದರ ಮೇಲೊಂದು ಕೂತಿರೋ 46 ತುಂಡುಗಳನ್ನ ಬಿಡಿಸಿ ಜೋಡಿ ಮಾಡಬೇಕು. ಇದನ್ನ ಕಂಪ್ಯೂಟರ್ ಕೈಯಲ್ಲಿ ಮಾಡಿಸೋ ಪ್ರಯತ್ನ 1960ರ ದಶಕದಲ್ಲೇ ಅಮೆರಿಕದಲ್ಲಿ ರಾಬರ್ಟ್ ಲೆಡ್ಲಿ ಥರದವರು ಶುರು ಮಾಡಿದ್ರು. ಡೀಪ್ ಲರ್ನಿಂಗ್ ಬಂದ ಮೇಲೆ ಈ ವಿಂಗಡಣೆ ಕೆಲಸ ಬಹಳ ಸಲೀಸಾಗಿದೆ. ಆದರೂ ಕೊನೆಗೆ ಪರಿಣತರು ಕೂತು ನೋಡಿಯೇ ಸಹಿ ಹಾಕಬೇಕು.

ನಮಗೆ ಇದು ಯಾಕೆ ಬೇಕು ಅಂದ್ರೆ, ಫೀಟಲ್ ಮೆಡಿಸಿನ್ ಓದಿದ ಡಾಕ್ಟರ್‌ಗಳು ಹೆಚ್ಚಾಗಿ ಇರೋದು ದೊಡ್ಡ ಊರುಗಳಲ್ಲಿ. ಯಾದಗಿರಿಯ ಒಂದು ಹಳ್ಳಿಯಿಂದಲೋ ಚಾಮರಾಜನಗರದ ಬೆಟ್ಟದ ಪೋಡಿನಿಂದಲೋ ಬರೋರಿಗೆ ಒಂದು ಒಳ್ಳೇ ಎನ್‌ಟಿ ಸ್ಕ್ಯಾನ್ ಅಂದ್ರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೊಬ್ಬರು. ಅಷ್ಟರಲ್ಲಿ 13 ವಾರ ದಾಟಿಬಿಟ್ರೆ ಆ ಸ್ಕ್ಯಾನ್‌ನ ಅವಕಾಶವೇ ಹೋಯ್ತು. ಮುಂದಿನ ಹಂತಗಳಿಗೂ ಟೈಮ್ ಬೇಕು. ಗರ್ಭನೀರಿನ ಟೆಸ್ಟ್ ಮಾಡೋದು 15 ವಾರ ಆದ ಮೇಲೆ, ಜೀವಕೋಶ ಬೆಳೆಸಿ ನೋಡೋಕೆ ಮತ್ತೆ ಎರಡು ವಾರದ ಹತ್ತಿರ. ತಾಲ್ಲೂಕು ಆಸ್ಪತ್ರೆಯ ಮಷೀನ್‌ನಲ್ಲೇ ‘ಈ ಫ್ರೇಮ್ ಸರಿ ಇಲ್ಲ, ಇನ್ನೊಮ್ಮೆ ತೆಗೀರಿ’ ಅಂತ ಹೇಳೋ ಸಾಫ್ಟ್‌ವೇರ್ ಇದ್ರೆ ಎಷ್ಟೋ ಜನರ ಓಡಾಟ ತಪ್ಪುತ್ತೆ. ಆದ್ದರಿಂದ ಎಐ ಬೇಡ ಅನ್ನೋ ವಾದ ನಮ್ಮದಲ್ಲ.

ಒಂದು ಲೆಕ್ಕ ಮಾಡೋಣ

ಒಂದು ಲಕ್ಷ ಬಸುರಿಯರು ಅಂತ ಇಟ್ಕೊಳ್ಳಿ. 800ಕ್ಕೆ ಒಂದರ ಲೆಕ್ಕದಲ್ಲಿ 125 ಮಕ್ಕಳಿಗೆ ಡೌನ್ ಸಿಂಡ್ರೋಮ್ ಇರುತ್ತೆ. ಈಗ ಒಂದೇ ಲೈನ್‌ನ ಪ್ರೋಗ್ರಾಂ ಬರೀರಿ: ಇನ್‌ಪುಟ್ ಏನೇ ಬರಲಿ, ‘ನಾರ್ಮಲ್’ ಅಂತ ಪ್ರಿಂಟ್ ಮಾಡು. ಅದರ ಆಕ್ಯುರಸಿ ಎಷ್ಟು? 99.875%. ನಮ್ಮ ಪೋಸ್ಟರ್‌ಗಳನ್ನೆಲ್ಲ ಸೋಲಿಸೋ ಸಂಖ್ಯೆ. ಆದರೆ ಹುಡುಕಬೇಕಾದ 125ರಲ್ಲಿ ಒಂದನ್ನೂ ಅದು ಹುಡುಕಿಲ್ಲ.

ಈಗ ನಿಜವಾದ ಟೆಸ್ಟ್‌ಗೆ ಬನ್ನಿ. ಎನ್‌ಟಿ ಸ್ಕ್ಯಾನ್ ಜೊತೆ ತಾಯಿಯ ರಕ್ತದ ಎರಡು ಅಂಶಗಳನ್ನೂ ಸೇರಿಸಿ ಮಾಡೋ ಸ್ಕ್ರೀನಿಂಗ್ 100 ಕೇಸ್‌ಗಳಲ್ಲಿ ಸುಮಾರು 90 ಹಿಡಿಯುತ್ತೆ, ಆದರೆ ಏನೂ ಇಲ್ಲದ 100ರಲ್ಲಿ 5 ಜನರನ್ನೂ ಹೈ ರಿಸ್ಕ್ ಅನ್ನುತ್ತೆ. ಒಂದು ಲಕ್ಷದಲ್ಲಿ ಹಿಡಿದಿದ್ದು ಸುಮಾರು 112, ಸುಮ್ಮನೆ ಹೆದರಿಸಿದ್ದು ಸುಮಾರು 5,000. ಅಂದ್ರೆ ಹೈ ರಿಸ್ಕ್ ಅಂತ ಕೇಳಿಸಿಕೊಂಡ 45 ಜನರಲ್ಲಿ ಒಬ್ಬರ ಮಗುವಿಗೆ ಮಾತ್ರ ನಿಜವಾಗಿ ಇರುತ್ತೆ.

ಎನ್‌ಐಪಿಟಿ ಇದಕ್ಕಿಂತ ಬಹಳ ಚೆನ್ನಾಗಿದೆ. 99% ಹಿಡಿಯುತ್ತೆ, ತಪ್ಪು ಎಚ್ಚರಿಕೆ 0.1% ಅಂತ ಇಟ್ಕೊಳ್ಳಿ. 40 ವರ್ಷದ ಒಂದು ಲಕ್ಷ ತಾಯಂದಿರಲ್ಲಿ 990 ಸರಿ, 99 ತಪ್ಪು. ಪಾಸಿಟಿವ್ ಬಂದ್ರೆ ಅದು ನಿಜ ಇರೋ ಸಾಧ್ಯತೆ 91%. ಅದೇ ಟೆಸ್ಟ್, ಅದೇ ಮಷೀನ್, ಅದೇ ಕೋಡ್, 20 ವರ್ಷದೋರಲ್ಲಿ 66 ಸರಿ, 100 ತಪ್ಪು. ಸಾಧ್ಯತೆ 40%ಕ್ಕೆ ಇಳೀತು. ಹುಡುಕ್ತಿರೋ ಕಂಡಿಷನ್ 20,000ಕ್ಕೆ ಒಂದು ಬರೋ ಅಪರೂಪದ್ದಾದ್ರೆ ಅದು 5%ಗಿಂತ ಕೆಳಗೆ ಹೋಗುತ್ತೆ. ಇದೇ ನಾವು ಮ್ಯಾಥ್ಸ್‌ನಲ್ಲಿ ಐದು ಮಾರ್ಕ್ಸ್‌ಗೆ ಓದೋ ಬೇಯ್ಸ್ ಥಿಯರಮ್.

ಇದು ಬರೀ ಕಾಗದದ ಲೆಕ್ಕ ಅಲ್ಲ. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅಮೆರಿಕದಲ್ಲಿ ಮಾರಾಟ ಆಗ್ತಿದ್ದ ಇಂಥ ಟೆಸ್ಟ್‌ಗಳ ಬಗ್ಗೆ ತನಿಖಾ ವರದಿ ಪ್ರಕಟಿಸಿತು. ಅಪರೂಪದ ಕೆಲವು ಕಂಡಿಷನ್‌ಗಳಿಗೆ ಬಂದ ಪಾಸಿಟಿವ್ ರಿಪೋರ್ಟ್‌ಗಳಲ್ಲಿ ಸುಮಾರು 85% ತಪ್ಪು ಅಂತ ಅದು ಹೇಳಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಅಲ್ಲಿನ ಎಫ್‌ಡಿಎ, ಈ ಟೆಸ್ಟ್ ಒಂದನ್ನೇ ನಂಬಿ ನಿರ್ಧಾರ ತಗೋಬೇಡಿ ಅಂತ ಜನರಿಗೂ ಡಾಕ್ಟರ್‌ಗಳಿಗೂ ಎಚ್ಚರಿಕೆ ಕೊಡ್ತು. ಟೆಸ್ಟ್‌ನ ಕೆಮಿಸ್ಟ್ರಿ ಕೆಟ್ಟದಾಗಿತ್ತು ಅನ್ನೋದು ಇಲ್ಲಿ ವಿಷಯ ಅಲ್ಲ. ಅಪರೂಪದ ವಸ್ತುವನ್ನ ಹುಡುಕುವಾಗ ಸಂಖ್ಯೆಗಳು ಹೀಗೇ ವರ್ತಿಸ್ತವೆ, ಅದನ್ನ ಓದುಗರಿಗೆ ನೇರವಾಗಿ ಹೇಳಿರಲಿಲ್ಲ ಅಷ್ಟೇ.

ಇನ್ನೊಂದು ಮಾತು. ರಕ್ತದಲ್ಲಿ ಸಿಗೋ ‘ಮಗುವಿನ ಡಿಎನ್‌ಎ’ ನಿಜವಾಗಿ ಬರೋದು ಮಾಸಿನಿಂದ, ಅಂದ್ರೆ ಪ್ಲಸೆಂಟಾದಿಂದ. ಕೆಲವೊಮ್ಮೆ ಮಾಸಿನಲ್ಲಿ ವ್ಯತ್ಯಾಸ ಇದ್ದು ಮಗುವಿನಲ್ಲಿ ಇರೋದಿಲ್ಲ. ಎಷ್ಟೇ ಒಳ್ಳೇ ಅಲ್ಗಾರಿದಮ್ ಬರೆದ್ರೂ ಸ್ಯಾಂಪಲ್‌ನಲ್ಲಿ ಇಲ್ಲದ ಮಾಹಿತಿಯನ್ನ ಅದು ಹುಟ್ಟಿಸೋಕೆ ಆಗಲ್ಲ. ಅದಕ್ಕೇ ಎನ್‌ಐಪಿಟಿ ಸ್ಕ್ರೀನಿಂಗ್ ಆಗಿಯೇ ಉಳಿದಿದೆ, ಡಯಾಗ್ನೋಸಿಸ್ ಆಗಿಲ್ಲ.

ಡೇಟಾ ಯಾರದು?

ರಕ್ತದ ಟೆಸ್ಟ್‌ನ ಸಾಫ್ಟ್‌ವೇರ್ ತಾಯಿಯ ತೂಕ, ಜನಾಂಗೀಯ ಮೂಲ, ಸಿಗರೇಟ್ ಅಭ್ಯಾಸ, ಐವಿಎಫ್ ಗರ್ಭವೋ ಅನ್ನೋದನ್ನೆಲ್ಲ ಕೇಳಿ ಅಂಕಿಯನ್ನ ತಿದ್ದುತ್ತೆ. ಯಾಕಂದ್ರೆ ಈ ರಕ್ತದ ಅಂಶಗಳ ಸಹಜ ಮಟ್ಟ ಎಲ್ಲರಲ್ಲೂ ಒಂದೇ ಇರಲ್ಲ. ಎಲ್ಲೋ ಬೇರೆ ದೇಶದ ತಾಯಂದಿರ ಮೇಲೆ ಟ್ರೈನ್ ಆದ ಮಾಡೆಲ್‌ನ ಹಾಗೇ ತಂದು ಇಲ್ಲಿ ಕೂರಿಸಿದ್ರೆ, ಎಲ್ಲರಿಗೂ ಸ್ವಲ್ಪ ಸ್ವಲ್ಪ ತಪ್ಪು ಉತ್ತರ ಬರುತ್ತೆ, ಯಾರಿಗೂ ಗೊತ್ತೂ ಆಗಲ್ಲ. ಕೊನೆಯ ಮುಟ್ಟಿನ ದಿನ ಸರಿಯಾಗಿ ನೆನಪಿರದವರು ನಮ್ಮಲ್ಲಿ ತುಂಬಾ ಜನ. ಸ್ಕ್ಯಾನ್‌ನಲ್ಲಿ ಮಗುವಿನ ಉದ್ದ ಅಳೆದು ವಾರ ಸರಿಮಾಡದೇ ಬರೀ ತಾರೀಖು ಹಾಕಿದ್ರೆ ಮುಂದಿನ ಲೆಕ್ಕ ಎಲ್ಲ ಜಾರಿಹೋಗುತ್ತೆ.

ನಮ್ಮ ಪ್ರಾಜೆಕ್ಟ್‌ಗಳಲ್ಲಿ ಆಗೋ ಇನ್ನೊಂದು ಎಡವಟ್ಟು ಟ್ರೈನ್ ಮತ್ತು ಟೆಸ್ಟ್ ವಿಭಜನೆ. ಒಬ್ಬರೇ ತಾಯಿಯ ಸ್ಕ್ಯಾನ್‌ನಿಂದ 20 ಫ್ರೇಮ್ ತೆಗೆದು, ಎಲ್ಲವನ್ನೂ ಕಲಸಿ, 80:20 ಮಾಡಿದ್ರೆ, ಅದೇ ಮಗು ಎರಡೂ ಕಡೆ ಬಂದುಬಿಡುತ್ತೆ. ಮಾಡೆಲ್ ಕಾಯಿಲೆ ಕಲಿಯಲ್ಲ, ಆ ಮಗುವಿನ ಗುರುತು ಕಲಿಯುತ್ತೆ. ರಿಸಲ್ಟ್ ಮಾತ್ರ 99%. ವಿಭಜನೆ ಯಾವಾಗಲೂ ಫ್ರೇಮ್ ಲೆಕ್ಕದಲ್ಲಿ ಆಗದೇ ತಾಯಿಯ ಲೆಕ್ಕದಲ್ಲಿ ಆಗಬೇಕು.

‘ಕೊನೆಗೆ ಡಾಕ್ಟರ್ ನೋಡ್ತಾರಲ್ಲ, ನಾವು ಬರೀ ಮಾಡೆಲ್ ಮಾಡೋರು’ ಅಂತ ಯಾರಾದ್ರೂ ಹೇಳಬಹುದು. ಒಪಿಡಿ ತುಂಬಿ ತುಳುಕ್ತಿರುವಾಗ ಸ್ಕ್ರೀನ್ ಮೇಲೆ ಕೆಂಪು ಬಂತು ಅಂದ್ರೆ ಕೆಂಪು, ಹಸಿರು ಬಂತು ಅಂದ್ರೆ ಹಸಿರು. ಮಷೀನ್ ಹೇಳಿದ್ದನ್ನ ಮನುಷ್ಯ ಸುಲಭವಾಗಿ ಒಪ್ಕೊಂಡುಬಿಡ್ತಾನೆ. ಹಾಗಾಗಿ ಕೆಂಪು ದೀಪ ಯಾವಾಗ ಹತ್ತಬೇಕು ಅಂತ ಥ್ರೆಶೋಲ್ಡ್ ಇಟ್ಟವರಿಗೂ ಜವಾಬ್ದಾರಿ ಇದೆ.

ನಮ್ಮ ದೇಶದ ಕಾನೂನು, ಆಲೆಮನೆಯ ಪಾಠ

ಇಲ್ಲಿ ಪ್ರಸವಪೂರ್ವ ಟೆಸ್ಟ್ ಬಗ್ಗೆ ಕೆಲಸ ಮಾಡೋರು 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಓದದೇ ಕೋಡ್ ಬರೆಯಬಾರದು. ಮಗು ಗಂಡೋ ಹೆಣ್ಣೋ ಅಂತ ಹೇಳೋದು ಅಪರಾಧ. ವರ್ಣತಂತು ಟೆಸ್ಟ್‌ಗೆ ಅನುಮತಿ ಇದೆ, ಲಿಂಗ ಪತ್ತೆಗೆ ಇಲ್ಲ. ಆದರೆ ತುಣುಕು ಎಣಿಸೋ ಮಷೀನ್‌ಗೆ 21 ಒಂದೇ ಅಲ್ಲ, ಎಕ್ಸ್ ಮತ್ತು ವೈ ಕೂಡ ಸಿಗುತ್ತೆ. ರಿಪೋರ್ಟ್‌ನಲ್ಲಿ ಆ ಕಾಲಂ ಅಳಿಸಿದ್ರೆ ಮುಗೀಲಿಲ್ಲ, ಲಾಗ್ ಫೈಲ್‌ನಲ್ಲಿ, ಸರ್ವರ್‌ನಲ್ಲಿ ಅದು ಉಳಿದಿರುತ್ತಾ ಅಂತಲೂ ನೋಡಬೇಕು. ಅದರಲ್ಲೂ ಕಷ್ಟದ ಕೇಸ್‌ಗಳಿವೆ: ಟರ್ನರ್ ಸಿಂಡ್ರೋಮ್ ಅಂದ್ರೆ ಹೆಣ್ಣು, ಕ್ಲೈನ್‌ಫೆಲ್ಟರ್ ಅಂದ್ರೆ ಗಂಡು. ಕಂಡಿಷನ್ ಹೆಸರು ಹೇಳಿದ್ರೇ ಲಿಂಗ ಹೇಳಿದ ಹಾಗೆ. ಇದನ್ನ ಯಾರಿಗೆ, ಯಾವಾಗ ತೋರಿಸಬೇಕು ಅನ್ನೋದು ಬರೀ ಯೂಸರ್ ಇಂಟರ್‌ಫೇಸ್ ಪ್ರಶ್ನೆ ಅಲ್ಲ.

ಇದೆಲ್ಲ ಅತಿಯಾಯ್ತು ಅನ್ನಿಸಿದ್ರೆ 2023ರ ನವೆಂಬರ್ ನೆನಪು ಮಾಡ್ಕೊಳ್ಳಿ. ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಟು ಭ್ರೂಣಲಿಂಗ ಪತ್ತೆ ಮಾಡ್ತಿದ್ದ ಜಾಲವನ್ನ ಬೆಂಗಳೂರು ಪೊಲೀಸರು ಹಿಡಿದ್ರು. ಬೆಲ್ಲ ಬೇಯಿಸೋ ಜಾಗದಲ್ಲಿ ಒಂದು ಮಷೀನ್, ಅದನ್ನ ಓದೋಕೆ ಬರೋ ಒಬ್ಬ ಮನುಷ್ಯ, ಅಷ್ಟೇ ಬೇಕಾಗಿದ್ದು. ಓದೋಕೆ ಬಾರದವರಿಗೂ ಓದಿ ಹೇಳೋ ಸಾಫ್ಟ್‌ವೇರ್ ಬಂದ್ರೆ ಆ ಮನುಷ್ಯನೂ ಬೇಕಾಗಲ್ಲ. ತಾಲ್ಲೂಕು ಆಸ್ಪತ್ರೆಗೆ ಸಹಾಯ ಮಾಡೋ ಅದೇ ಟೂಲ್ ಆಲೆಮನೆಗೂ ಸಹಾಯ ಮಾಡುತ್ತೆ. ಲಿಂಗ ಗುರುತಿಸೋ ಮಾಡೆಲ್‌ನ ‘ಬರೀ ಡೆಮೋಗೆ’ ಅಂತಲೂ ಟ್ರೈನ್ ಮಾಡಬಾರದು, ಗಿಟ್‌ಹಬ್‌ಗೆ ಹಾಕಬಾರದು ಅನ್ನೋದು ನಮ್ಮ ಸ್ಪಷ್ಟ ನಿಲುವು.

ಮಗು ಬರೀ ಲೇಬಲ್ ಅಲ್ಲ

ಡೇಟಾಸೆಟ್‌ನಲ್ಲಿ ಎರಡೇ ಕಾಲಂ ಇರುತ್ತೆ, ನಾರ್ಮಲ್ ಮತ್ತು ಅಬ್‌ನಾರ್ಮಲ್. ಹಾಗೆ ನೋಡಿ ನೋಡಿ ನಮಗೂ ಡೌನ್ ಸಿಂಡ್ರೋಮ್ ಅಂದ್ರೆ ತಡೆಯಬೇಕಾದ ಒಂದು ಎರರ್ ಅನ್ನಿಸೋಕೆ ಶುರುವಾಗುತ್ತೆ. ಅಮೆರಿಕದಲ್ಲಿ 1983ರ ಸುಮಾರಿಗೆ ಡೌನ್ ಸಿಂಡ್ರೋಮ್ ಇರೋರ ಸರಾಸರಿ ಆಯಸ್ಸು 25 ವರ್ಷ ಇತ್ತು, ಈಗ ಸುಮಾರು 60. ಬದಲಾಗಿದ್ದು ಅವರ ವರ್ಣತಂತು ಅಲ್ಲ. ಆ ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಹುಟ್ಟಿನಿಂದ ಹೃದಯದ ತೊಂದರೆ ಇರುತ್ತೆ. ಅದಕ್ಕೆ ಹೊತ್ತಿಗೆ ಸರಿಯಾಗಿ ಆಪರೇಷನ್ ಆಗೋಕೆ ಶುರುವಾಯ್ತು, ಸಂಸ್ಥೆಗಳಲ್ಲಿ ಬಿಟ್ಟುಬರೋದು ನಿಂತು ಮನೆಯಲ್ಲಿ, ಶಾಲೆಯಲ್ಲಿ ಬೆಳೆಸೋಕೆ ಶುರುವಾಯ್ತು. ಮೊದಲೇ ಗೊತ್ತಾದ್ರೆ ಹೆರಿಗೆ ಎಲ್ಲಿ ಮಾಡಿಸಬೇಕು, ಯಾವ ಡಾಕ್ಟರ್ ಹತ್ತಿರ ಇರಬೇಕು ಅಂತ ಸಿದ್ಧ ಆಗೋ ತಂದೆತಾಯಿ ಇದ್ದಾರೆ. ಗರ್ಭ ಮುಂದುವರಿಸೋದು ಬೇಡ ಅನ್ನೋರೂ ಇದ್ದಾರೆ. 2021ರ ತಿದ್ದುಪಡಿ ಆದ ಮೇಲೆ, ಮಗುವಿನಲ್ಲಿ ಗಂಭೀರ ತೊಂದರೆ ಇದೆ ಅಂತ ಮೆಡಿಕಲ್ ಬೋರ್ಡ್ ಹೇಳಿದ್ರೆ 24 ವಾರ ದಾಟಿದ ಮೇಲೂ ಗರ್ಭಪಾತಕ್ಕೆ ಕಾನೂನಲ್ಲಿ ಜಾಗ ಇದೆ. ಯಾವುದು ಸರಿ ಅಂತ ತೀರ್ಪು ಕೊಡೋಕೆ ನಾವು ಯಾರೂ ಅಲ್ಲ, ನಮ್ಮ ಮಾಡೆಲ್ ಕೂಡ ಅಲ್ಲ. ಎರಡೂ ದಾರಿಯೋರಿಗೆ ಬೇಕಾಗಿರೋದು ಪ್ರಾಮಾಣಿಕವಾದ ಮಾಹಿತಿ.

ಕನ್ನಡದ ಕೆಲಸ ಇಲ್ಲಿದೆ

ಇದು ಕನ್ನಡ ಸಂಘದ ಪತ್ರಿಕೆ, ಅದಕ್ಕೇ ಈ ಮಾತು. ರಿಪೋರ್ಟ್ ಬರೋದು ಇಂಗ್ಲಿಷ್‌ನಲ್ಲಿ: ‘ಸ್ಕ್ರೀನ್ ಪಾಸಿಟಿವ್, ರಿಸ್ಕ್ 1:150’. ಕೋವಿಡ್ ಕಾಲದಿಂದ ನಮ್ಮ ಜನರಿಗೆ ಪಾಸಿಟಿವ್ ಅಂದ್ರೆ ಬಂದೇ ಬಂತು ಅಂತ ಅರ್ಥ. 1:150 ಅನ್ನೋದು ಅಮ್ಮಂದಿರಿಗೆ ಬಿಡಿ, ನಮಗೇ ತಕ್ಷಣ ಹೊಳೆಯಲ್ಲ. ಅದನ್ನ ಹೀಗೆ ಹೇಳಬಹುದಲ್ಲ: ‘ನಿಮ್ಮಂಥ 150 ಜನ ಬಸುರಿಯರನ್ನ ಸಾಲಾಗಿ ನಿಲ್ಲಿಸಿದ್ರೆ, ಅವರಲ್ಲಿ ಒಬ್ಬರ ಮಗುವಿಗೆ ಇದು ಇರಬಹುದು. ಉಳಿದ 149 ಜನರ ಮಗುವಿಗೆ ಇರೋದಿಲ್ಲ. ನೀವು ಯಾರು ಅಂತ ತಿಳಿಯೋಕೆ ಇನ್ನೊಂದು ಟೆಸ್ಟ್ ಇದೆ, ಬೇಕಾದ್ರೆ ಮಾಡಿಸಬಹುದು.’

ಸ್ಕ್ರೀನಿಂಗ್‌ಗೂ ಡಯಾಗ್ನೋಸಿಸ್‌ಗೂ ಇರೋ ವ್ಯತ್ಯಾಸ ಹೇಳೋಕೆ ನಮ್ಮ ಅಡುಗೆಮನೆಯಲ್ಲೇ ಉದಾಹರಣೆ ಇದೆ. ಮೊದಲು ಜರಡಿ ಹಿಡೀತೀವಿ, ಮೇಲೆ ಉಳಿದದ್ದೆಲ್ಲ ಕಲ್ಲು ಅಂತ ಎಸೆಯಲ್ಲ, ಮೊರಕ್ಕೆ ಹಾಕ್ಕೊಂಡು ಕೈಯಲ್ಲಿ ಆರಿಸ್ತೀವಿ. ಅಕ್ಕಿ ಆರಿಸಿದ ಯಾರಿಗಾದ್ರೂ ಇದು ಅರ್ಥ ಆಗುತ್ತೆ.

ಇನ್ನೊಂದು ಸಾಲು ಪ್ರತಿ ಕನ್ನಡ ರಿಪೋರ್ಟ್‌ನಲ್ಲೂ ಇರಲೇಬೇಕು: ‘ಇದು ಯಾರ ತಪ್ಪಿನಿಂದಲೂ ಆಗಿದ್ದಲ್ಲ.’ ಗ್ರಹಣದ ಹೊತ್ತಲ್ಲಿ ಹೊರಗೆ ಬಂದಳು, ಪಪ್ಪಾಯಿ ತಿಂದಳು ಅಂತ ಸೊಸೆಯ ಮೇಲೆ ಹಾಕೋದು ನಮ್ಮ ಕಡೆ ಇನ್ನೂ ನಿಂತಿಲ್ಲ. ಜೀವಕೋಶ ಒಡೆಯುವಾಗ ಒಂದು ಜೋಡಿ ಬಿಡಿಸಿಕೊಳ್ಳದೇ ಉಳಿದದ್ದಕ್ಕೆ ಯಾರನ್ನೂ ಬೈಯೋಕೆ ಆಗಲ್ಲ ಅಂತ ಪ್ರಿಂಟ್ ಆಗಿ ಬಂದ್ರೆ ಎಷ್ಟೋ ಮನೆಗಳಲ್ಲಿ ಅದಕ್ಕೊಂದು ತೂಕ ಇರುತ್ತೆ.

ನಾವು ಕೇಳೋದು ಇಷ್ಟು

ನಮ್ಮ ಕ್ಯಾಂಪಸ್‌ನಲ್ಲಿ ಇಂಥ ಪ್ರಾಜೆಕ್ಟ್ ಮಾಡೋರಿಗೆ, ಗೈಡ್ ಮಾಡೋ ಮೇಷ್ಟ್ರುಗಳಿಗೆ, ಮಾರ್ಕ್ಸ್ ಹಾಕೋ ಜಡ್ಜ್‌ಗಳಿಗೆ ನಮ್ಮ ಮನವಿ. ಪೋಸ್ಟರ್ ಮೇಲೆ ಆಕ್ಯುರಸಿ ಒಂದೇ ಬರೀಬೇಡಿ. ಎಷ್ಟು ಹಿಡಿಯಿತು, ಎಷ್ಟು ಬಿಟ್ಟಿತು, ಪಾಸಿಟಿವ್ ಅಂದಾಗ ಎಷ್ಟು ಸಲ ನಿಜ, ಯಾವ ವಯಸ್ಸಿನೋರಲ್ಲಿ, ಎಲ್ಲಿನ ಡೇಟಾದಲ್ಲಿ ಅಂತ ಬರೀರಿ. ಮಾಡೆಲ್‌ಗೆ ಎರಡು ಉತ್ತರದ ಜೊತೆ ‘ಗೊತ್ತಾಗ್ತಿಲ್ಲ, ಇನ್ನೊಮ್ಮೆ ನೋಡಿ’ ಅನ್ನೋ ಮೂರನೇ ಉತ್ತರವನ್ನೂ ಕಲಿಸಿ. ಲಿಂಗದ ಮಾಹಿತಿ ಹೊರಗೆ ಬರದ ಹಾಗೆ ಡಿಸೈನ್‌ನ ಮೊದಲ ದಿನವೇ ಬಾಗಿಲು ಹಾಕಿ. ಔಟ್‌ಪುಟ್‌ನ ಒಂದು ಪುಟದ ಕನ್ನಡ ಆವೃತ್ತಿ ಮಾಡಿ, ಅದನ್ನ ಒಬ್ಬ ಆಶಾ ಕಾರ್ಯಕರ್ತೆಗೆ ಕೊಟ್ಟು ಓದಿಸಿ, ಏನು ಅರ್ಥ ಆಯ್ತು ಅಂತ ಕೇಳಿ. ಆ ಪುಟ ಬರೆಯೋಕೆ ಕನ್ನಡ ಸಂಘದ ಕಡೆಯಿಂದ ನಾವು ಕೂರ್ತೀವಿ, ಯಾವ ಬ್ರಾಂಚ್‌ನೋರು ಬಂದ್ರೂ ಸರಿ.

ಮುಂದಿನ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ 99% ಅನ್ನೋ ಪೋಸ್ಟರ್ ಕಂಡ್ರೆ ಸುಮ್ಮನೆ ಮುಂದೆ ಹೋಗಬೇಡಿ. ನಿಂತು ಒಂದೇ ಪ್ರಶ್ನೆ ಕೇಳಿ: ‘ಇದು ಪಾಸಿಟಿವ್ ಅಂದ್ರೆ, ನೂರರಲ್ಲಿ ಎಷ್ಟು ಸಲ ನಿಜ?’ ಉತ್ತರ ಗೊತ್ತಿರೋ ಟೀಮ್‌ಗೆ ನಿಮ್ಮ ವೋಟ್ ಹಾಕಿ.